ಖಾಲಿ ಸ್ವಿಚ್ಚಿನಲ್ಲಿ ಕಲಿತ ಮುನಿರಾಜು

ನಾನು ನಿವೃತ್ತಳಾದ ಮರುವರ್ಷದ ಮಾತು. ಮೂವತ್ತೊಂದು ವರ್ಷ ಒಂದು ಬ್ಯಾಂಕಿನ ನೆಟ್‌ವರ್ಕ್ ವಿಭಾಗದಲ್ಲಿ ದುಡಿದು, ಕೊನೆಯ ಆರು ವರ್ಷ ಅದರ ಮುಖ್ಯಸ್ಥೆಯಾಗಿದ್ದು ಮನೆಗೆ ಬಂದು ಕುಳಿತಾಗ, ಮೊದಲ ತಿಂಗಳು ಹಬ್ಬದಂತಿತ್ತು. ಎರಡನೆಯ ತಿಂಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದೆ. ಮೂರನೆಯ ತಿಂಗಳು ನಮ್ಮ ಮನೆಯವರು ಕೈಮುಗಿದು, "ತಾಯಿ, ಯಾರಿಗಾದ್ರೂ ಪಾಠ ಹೇಳ್ಕೊಡು, ನನ್ನನ್ನ ಬಿಟ್ಬಿಡು" ಎಂದರು. ಹೀಗೆ ತ್ಯಾಗರಾಜನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ನೆಟ್‌ವರ್ಕಿಂಗ್ ಸರ್ಟಿಫಿಕೇಷನ್ ಪರೀಕ್ಷೆಗೆ ಓದುವವರಿಗೆ ಪಾಠ ಶುರುವಾಯಿತು.

ಈ ಪರೀಕ್ಷೆಗೆ ಪುಸ್ತಕ ಓದಿದರೆ ಸಾಲದು, ಕೈ ಪಳಗಬೇಕು. ನಮ್ಮ ಕಾಲದಲ್ಲಿ ಅದಕ್ಕೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನಿಜವಾದ ರೂಟರ್, ಸ್ವಿಚ್ ಪೆಟ್ಟಿಗೆಗಳೇ ಬೇಕಿದ್ದವು. ಅವು ಕಚೇರಿಯ ಸ್ವತ್ತು, ಕಲಿಯಲೆಂದು ಮುಟ್ಟಿದರೆ ಬೈಗುಳ ಗ್ಯಾರಂಟಿ. ಈಗ ಎಮ್ಯುಲೇಟರ್ ಇದೆ. ಅಂದರೆ ರೂಟರು, ಸ್ವಿಚ್ಚುಗಳ ಒಳಗೆ ಓಡುವ ಸಾಫ್ಟ್‌ವೇರನ್ನೇ ಒಂದು ಕಂಪ್ಯೂಟರಿನೊಳಗೆ ಓಡಿಸುವುದು. ಪರದೆಯ ಮೇಲೆ ಹತ್ತು ಪೆಟ್ಟಿಗೆಗಳ ಚಿತ್ರ ಇಟ್ಟು ನಡುವೆ ಗೆರೆ ಎಳೆದರೆ ಹತ್ತು ಸ್ವಿಚ್ಚುಗಳ ನೆಟ್‌ವರ್ಕ್ ಸಿದ್ಧ. ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರಸ್ತೆಯಿಂದ ಒಂದು ಹಳೆಯ ಸರ್ವರ್ ತಂದು ಅದರಲ್ಲಿ ನಲವತ್ತಾರು ಲ್ಯಾಬ್‌ಗಳನ್ನು, ಅಂದರೆ ಅಭ್ಯಾಸದ ನೆಟ್‌ವರ್ಕ್‌ಗಳನ್ನು, ಕೂಡಿಸಿದ್ದೆ. ಅದರ ಫ್ಯಾನು ತಿರುಗಿದರೆ ಪಕ್ಕದ ಮನೆಯವರು ನಾನು ದೋಸೆ ಹಿಟ್ಟು ರುಬ್ಬುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ವಿದ್ಯಾರ್ಥಿ ಕೆಡಿಸಿಕೊಂಡರೆ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ಅಳಿಸಿ ಹೋಗಿ ಮೊದಲಿನಿಂದ ಆರಂಭ. ಪ್ರತಿ ಪಾಠವೂ ಒಳಗೆ ಏನೂ ಬರೆದಿರದ ಖಾಲಿ ಸ್ವಿಚ್ಚಿನಿಂದಲೇ ಶುರುವಾಗಬೇಕು ಎಂಬುದು ನನ್ನ ಶಿಸ್ತು. ಆ ಶಿಸ್ತಿನ ಬಗ್ಗೆ ನನಗೆ ಸ್ವಲ್ಪ ಜಂಭವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮುನಿರಾಜು ಬಂದದ್ದು ಆಗ. ವಯಸ್ಸು ನಲವತ್ತಮೂರು, ಮನೆ ಗವಿಪುರಂನಲ್ಲಿ. ನಮ್ಮ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ. ಆಸ್ಪತ್ರೆಗೆ ಪ್ರಣವ್ ಎಂಬ ಹೊಸ ಐಟಿ ಮುಖ್ಯಸ್ಥರು ಬಂದಿದ್ದರು. ಆರು ತಿಂಗಳಲ್ಲಿ ಸರ್ಟಿಫಿಕೇಟ್ ತಂದವರು ಆಸ್ಪತ್ರೆಯ ನೌಕರರಾಗಿ ಉಳಿಯುತ್ತಾರೆ, ತರದವರು ಹೊರಗಿನ ಕಾಂಟ್ರ್ಯಾಕ್ಟರ್ ಕೈಕೆಳಗೆ ಹೋಗುತ್ತಾರೆ ಎಂದು ಹೇಳಿಬಿಟ್ಟಿದ್ದರು.

"ಕಾಂಟ್ರ್ಯಾಕ್ಟರ್ ಕಡೆ ಹೋದ್ರೆ ಇವತ್ತಿದ್ದವನು ನಾಳೆ ಇರ್ತೀನೋ ಇಲ್ವೋ ಮೇಡಂ" ಎಂದರು ಮುನಿರಾಜು. "ಹತ್ತೊಂಬತ್ತು ವರ್ಷ ಆ ಬಿಲ್ಡಿಂಗಿನ ಗೋಡೆ ಒಳಗೇ ಇದೀನಿ. ಆಚೆ ಬಂದು ಏನ್ ಮಾಡ್ಲಿ?"

ಬೆಳಿಗ್ಗೆ ಆರೂವರೆಗೆ ಬಂದು ಎಂಟಕ್ಕೆ ಡ್ಯೂಟಿಗೆ ಹೋಗುವುದೆಂದು ಗೊತ್ತುಮಾಡಿದೆವು. ಮೊದಲ ದಿನ ಪರದೆಯ ಮೇಲಿನ ಸ್ವಿಚ್ ನೋಡಿ ಅವರು, "ಇದ್ರಲ್ಲಿ ಲೈಟೇ ಇಲ್ವಲ್ಲ ಮೇಡಂ!" ಎಂದು ಬಗ್ಗಿ ಮಾನಿಟರಿನ ಹಿಂದೆಯೂ ನೋಡಿದರು. ಕೇಬಲ್ ಸರಿಯಿದ್ದರೆ ಹಸಿರು ದೀಪ ಮಿನುಗಬೇಕು, ಅದು ಅವರ ಲೋಕ. ನನಗೋ ತಾಳ್ಮೆ ಕಡಿಮೆ. "ಲೈಟು, ಕೇಬಲ್ಲು, ಡಕ್ಟು ಎಲ್ಲ ಮರ್ತುಬಿಡಿ. ಹಳೇದನ್ನ ತಲೆಯಲ್ಲಿಟ್ಕೊಂಡ್ರೆ ಹೊಸದು ಹತ್ತಲ್ಲ. ಖಾಲಿಯಾಗಿ ಬನ್ನಿ" ಎಂದು ಗದರಿದೆ. ಅವರು ತಲೆಯಾಡಿಸಿ ಕುಳಿತರು.

ಎರಡು ತಿಂಗಳು ಒದ್ದಾಡಿದರು. ಇಂಗ್ಲಿಷ್ ಪ್ರಶ್ನೆಗಳನ್ನು ಮೂರು ಮೂರು ಸಲ ಓದುತ್ತಿದ್ದರು. ಟೈಪ್ ಮಾಡುವಾಗ ಒಂದೇ ಬೆರಳು. ಆದರೆ ಆಸಾಮಿ ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕನೆಯ ತಿಂಗಳ ಹೊತ್ತಿಗೆ ಕೈ ಓಡತೊಡಗಿತು. ಐದನೆಯ ತಿಂಗಳಲ್ಲಿ ನಾನಿಟ್ಟ ಅಣಕು ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂದು ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಕಾಫಿಯ ಜೊತೆ ಕೋಡುಬಳೆಯನ್ನೂ ಕೊಟ್ಟೆ. ಪ್ರಣವ್ ಕೂಡ ಮೆಚ್ಚಿ, ಸ್ವಿಚ್ಚುಗಳ ಪಾಸ್‌ವರ್ಡ್ ಕೊಟ್ಟು ಸಣ್ಣಪುಟ್ಟ ಕೆಲಸ ಒಪ್ಪಿಸತೊಡಗಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕಂಪ್ಯೂಟರುಗಳು, ಕ್ಯಾಮೆರಾಗಳು, ರಕ್ತಪರೀಕ್ಷೆಯ ಯಂತ್ರಗಳು ಎಲ್ಲ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ್ದರೂ ಒಂದರ ಸುದ್ದಿಗೆ ಇನ್ನೊಂದು ಹೋಗಬಾರದು. ಅದಕ್ಕಾಗಿ ಅವುಗಳನ್ನು ಬೇರೆ ಬೇರೆ ಗುಂಪು ಮಾಡುತ್ತೇವೆ. ಒಂದೊಂದು ಗುಂಪಿಗೂ ವಿಲ್ಯಾನ್ ಎಂದು ಹೆಸರು, ಒಂದೊಂದು ನಂಬರು. ಒಂದು ಮಹಡಿಯ ಎಲ್ಲ ಗುಂಪುಗಳ ಸಂಚಾರವೂ ಕೆಳಗಿನ ಸರ್ವರ್ ಕೋಣೆಗೆ ಇಳಿಯುವುದು ಒಂದೇ ದೊಡ್ಡ ಕೊಂಡಿಯ ಮೂಲಕ. ಅದು ಟ್ರಂಕ್. ಮದುವೆ ಛತ್ರದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವರ ಹಾಗೆ, ಟ್ರಂಕ್ ಬಳಿ ಯಾವ ಯಾವ ನಂಬರನ್ನು ಬಿಡಬೇಕೆಂಬ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಬರೆಯುವ ಕಮಾಂಡ್ ಹಳೆಯ ಪಟ್ಟಿಯನ್ನು ಹರಿದು ಹಾಕಿ ಹೊಸದನ್ನು ಬರೆಯುತ್ತದೆ. ಇರುವ ಪಟ್ಟಿಗೆ ಒಂದು ನಂಬರ್ ಸೇರಿಸುವ ಕಮಾಂಡ್ ಬೇರೆ.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮೂರನೆಯ ಮಹಡಿಯ ಹೊಸ ವಾರ್ಡಿಗೆ ಒಂದು ವಿಲ್ಯಾನ್ ಸೇರಿಸಲು ಪ್ರಣವ್ ಹೇಳಿದರು. ಮುನಿರಾಜು ಕೆಳಗಿನ ಸರ್ವರ್ ಕೋಣೆಯಲ್ಲಿ ಕುಳಿತು, ನನ್ನ ಲ್ಯಾಬಿನಲ್ಲಿ ನೂರು ಸಲ ಮಾಡಿದಂತೆಯೇ ಮಾಡಿದರು. ಪಟ್ಟಿ ಬರೆಯುವ ಕಮಾಂಡ್, ಹೊಸ ನಂಬರ್, ಎಂಟರ್. ಮರುಕ್ಷಣ ಪರದೆ ಸ್ತಬ್ಧ. ಮೂರನೆಯ ಮಹಡಿಯ ಪಟ್ಟಿಯಲ್ಲಿ ಹೊಸ ನಂಬರೊಂದನ್ನು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಮುನಿರಾಜು ಆ ಸ್ವಿಚ್ಚನ್ನು ತಲುಪುತ್ತಿದ್ದ ದಾರಿಯೂ ಅಳಿಸಿಹೋಗಿತ್ತು.

ಅವರು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದರು. ಸ್ವಿಚ್ ಯಾವ ಬೀರುವಿನೊಳಗಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದು ಅವರಿಗೆ ಕಣ್ಣುಕಟ್ಟಿದರೂ ಗೊತ್ತು. ಬದಲಾವಣೆಯನ್ನು ಪರೀಕ್ಷಿಸದೆ ಸೇವ್ ಮಾಡಬಾರದೆಂದು ನಾನು ಕಲಿಸಿದ್ದು ಒಂದು ಪುಣ್ಯ. ಸ್ವಿಚ್ಚನ್ನು ಆರಿಸಿ ಹೊತ್ತಿಸಿದಾಗ ಹಳೆಯ ಪಟ್ಟಿ ಮರಳಿ ಬಂತು. ಒಟ್ಟು ಒಂಬತ್ತು ನಿಮಿಷ ಆ ಮಹಡಿಯ ನೆಟ್‌ವರ್ಕ್ ನಿಂತಿತ್ತು. ಆಮೇಲೆ ನೇರ ಪ್ರಣವ್ ಕೋಣೆಗೆ ಹೋಗಿ, "ಸರ್, ನಾನೇ ಮಾಡಿದ್ದು" ಎಂದರು. ಪಾಸ್‌ವರ್ಡ್ ಹಿಂದಕ್ಕೆ ಹೋಯಿತು. ಮುಂದಿನ ತಿಂಗಳಿಂದ ಕಾಂಟ್ರ್ಯಾಕ್ಟರ್ ಕಡೆ ಎಂದೂ ಹೇಳಿದ್ದಾಯಿತು.

ನನಗೆ ಇದಾವುದೂ ತಿಳಿಯದು. ಮೂರು ದಿನ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ನಾಲ್ಕನೆಯ ದಿನ ನನ್ನ ಪುಸ್ತಕ ವಾಪಸ್ ಕೊಡಲು ಬಂದು, ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದರು. ನನ್ನ ನಾಲಿಗೆ ಎಂದಿನಂತೆ ಮುಂದೆ ಓಡಿತು.

"ಅಯ್ಯೋ ರಾಮ! ಎಂಟರ್ ಒತ್ತೋ ಮುಂಚೆ ಅಲ್ಲಿ ಏನಿದೆ ಅಂತ ಒಂದ್ಸಲ ನೋಡ್ಬಾರದಿತ್ತೇನ್ರೀ? ಅಷ್ಟೂ ಬೇಡ್ವಾ?"

ಮುನಿರಾಜು ಸಿಟ್ಟು ಮಾಡಿಕೊಳ್ಳಲಿಲ್ಲ. "ನೋಡ್ಬೇಕು ಅಂತ ಹೊಳೀಲೇ ಇಲ್ಲ ಮೇಡಂ. ನಿಮ್ಮ ಲ್ಯಾಬಲ್ಲಿ ಯಾವತ್ತೂ ಏನೂ ಇರ್ತಿರ್ಲಿಲ್ವಲ್ಲ" ಎಂದರು.

ಅವರು ದೂರು ಹೇಳುತ್ತಿರಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ. ಆದರೆ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮಹಡಿಗೆ ಹೋಗಿ ನಲವತ್ತಾರು ಲ್ಯಾಬ್‌ಗಳನ್ನೂ ಒಂದೊಂದಾಗಿ ತೆರೆದೆ. ಎಲ್ಲವೂ ಖಾಲಿ. ಇನ್ನೊಬ್ಬರು ಮಾಡಿಟ್ಟ ಕೆಲಸದ ಮೇಲೆ ಕೈಯಿಡುವ ಪಾಠ ಒಂದೂ ಇರಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಸ್ವತಃ ಖಾಲಿ ಸ್ವಿಚ್ ಕಂಡದ್ದು ಬೆರಳೆಣಿಕೆಯಷ್ಟು ಸಲ. ಉಳಿದ ದಿನವೆಲ್ಲ ಬೇರೆಯವರು ಎಂದೋ ಬರೆದಿಟ್ಟದ್ದರ ನಡುವೆ ಹೆದರಿ ಹೆದರಿ ಕೆಲಸ ಮಾಡಿದವಳು. ಅದನ್ನೇ ಕಲಿಸಲು ಮರೆತಿದ್ದೆ. ಅಷ್ಟೇ ಅಲ್ಲ, ಮುನಿರಾಜು ಎಂಬ ಮನುಷ್ಯನ ಹತ್ತೊಂಬತ್ತು ವರ್ಷದ ಪಟ್ಟಿಯನ್ನೂ "ಖಾಲಿಯಾಗಿ ಬನ್ನಿ" ಎಂದು ಮೊದಲ ದಿನವೇ ಹರಿದುಹಾಕಿದ್ದೆ.

ಮರುದಿನ ಮುನಿರಾಜು ಬೇಡವೆಂದರೂ ಕೇಳದೆ ಅವರ ಜೊತೆ ಪ್ರಣವ್ ಅವರನ್ನು ಕಾಣಲು ಹೋದೆ. ಮೂವತ್ತೈದರ ಆಸುಪಾಸಿನ, ನಿದ್ದೆ ಕೆಟ್ಟ ಕಣ್ಣಿನ ಮನುಷ್ಯ. ತಪ್ಪು ನನ್ನ ಪಾಠದ್ದು ಎಂದೆ. ಅವರು ಒಳ್ಳೆಯ ಮಾತಿನಲ್ಲೇ ಉತ್ತರಿಸಿದರು.

"ಇರಬಹುದು ಮೇಡಂ. ಆದ್ರೆ ಆ ಒಂಬತ್ತು ನಿಮಿಷದಲ್ಲಿ ಬ್ಲಡ್ ರಿಪೋರ್ಟ್ ಬರ್ಲಿಲ್ಲ ಅಂತ ಒಬ್ಬ ಅಜ್ಜಿ ಆಪರೇಷನ್‌ಗೆ ಇನ್ನೂ ಒಂದು ಗಂಟೆ ಕಾಯಬೇಕಾಯ್ತು. ಅವರ ಮನೆಯವರಿಗೆ ನಾನು ಏನಂತ ಹೇಳ್ಲಿ?"

ನನ್ನ ಕಣ್ಣು ಗೋಡೆಯ ಮೇಲಿನ ನೆಟ್‌ವರ್ಕ್ ನಕ್ಷೆಯ ಮೇಲೆ ಬಿತ್ತು. ಯಾವಾಗಿನದು ಎಂದು ಕೇಳಿದೆ. ಏಳು ವರ್ಷದ ಹಿಂದಿನದು, ಇರುವುದು ಅದೊಂದೇ ಎಂದರು ಪ್ರಣವ್. ಆಗ ಬಾಗಿಲ ಬಳಿ ನಿಂತಿದ್ದ ಮುನಿರಾಜು ಮೆಲ್ಲಗೆ, "ಸರ್, ಅದ್ರಲ್ಲಿ ಎರಡನೇ ಫ್ಲೋರ್ ಪೂರ್ತಿ ತಪ್ಪು. ಫಾರ್ಮಸಿ ಹಿಂದಿನ ಡಕ್ಟಲ್ಲಿ ಈಗ ಎರಡು ಲೈನ್ ಇದೆ, ಎಕ್ಸ್‌ರೇ ರೂಮಿನ ಸ್ವಿಚ್ಚೇ ಬಿಟ್ಟೋಗಿದೆ" ಎಂದರು. ಪ್ರಣವ್ ಎದ್ದು ನಕ್ಷೆಯ ಬಳಿ ಹೋದರು. ಮುನಿರಾಜು ಬೆರಳಿಟ್ಟು ತೋರಿಸುತ್ತ ಹೋದಂತೆ ಅವರ ಮುಖ ಬದಲಾಯಿತು. ಕೊನೆಗೆ, "ಮೂರು ವಾರ ಟೈಮ್ ಕೊಡ್ತೀನಿ. ಸರಿಯಾದ ನಕ್ಷೆ ಬೇಕು, ಎಕ್ಸಾಮೂ ಪಾಸಾಗ್ಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ನನ್ನ ಕೇಳ್ಬೇಡಿ" ಎಂದರು.

ನಾವು ಆ ಆಸ್ಪತ್ರೆಯನ್ನೇ ನನ್ನ ಸರ್ವರಿನೊಳಗೆ ಕಟ್ಟಿದೆವು. ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಮುನಿರಾಜು ಮಹಡಿ ಮಹಡಿಯಾಗಿ ಗೆರೆ ಎಳೆಯುವರು. ಯಾವ ಕೇಬಲ್ ಎಲ್ಲಿಂದ ಹೊರಟು ಯಾವ ಗೋಡೆ ದಾಟಿ ಎಲ್ಲಿ ಸೇರುತ್ತದೆಂದು ಒಂದು ಚೀಟಿಯೂ ನೋಡದೆ ಹೇಳುವರು. ನಾನು ಅದನ್ನು ಎಮ್ಯುಲೇಟರಿಗೆ ಏರಿಸುವೆನು. ಇಪ್ಪತ್ತೆರಡು ಸ್ವಿಚ್, ಮೂರು ರೂಟರ್. ಬ್ಯಾಂಕಿನಲ್ಲಿದ್ದವಳಾದ್ದರಿಂದ ಆಸ್ಪತ್ರೆಯ ನಿಜವಾದ ಪಾಸ್‌ವರ್ಡ್, ವಿಳಾಸಗಳನ್ನು ಮನೆಗೆ ತರಲು ಬಿಡಲಿಲ್ಲ, ಎಲ್ಲ ಬದಲಾಯಿಸಿದೆವು. ಮುನಿರಾಜು ಪೆನ್ಸಿಲ್ ಹಿಡಿದು ಮಾತಾಡುವಾಗ ನಾನು ವಿದ್ಯಾರ್ಥಿನಿ. ಒಮ್ಮೆ ನಾನು ಒಂದು ಗೆರೆ ತಪ್ಪು ಎಳೆದದ್ದಕ್ಕೆ, "ಮೇಡಂ, ಅಲ್ಲಿ ಪಿಲ್ಲರ್ ಇದೆ, ಕೇಬಲ್ ತೂರಲ್ಲ" ಎಂದು ಗದರಿ, ಗದರಿಬಿಟ್ಟೆನಲ್ಲ ಎಂದು ತಾವೇ ಗಾಬರಿಯಾದರು. ನಾನು ಬಿದ್ದು ಬಿದ್ದು ನಕ್ಕೆ.

ಇನ್ನುಮುಂದೆ ಲ್ಯಾಬ್ ಖಾಲಿ ಇರುವುದಿಲ್ಲ ಎಂದು ಹೇಳಿಬಿಟ್ಟೆ. ದಿನವೂ ಅವರು ಬರುವ ಮೊದಲು ಸ್ವಿಚ್ಚುಗಳಲ್ಲಿ ಅರ್ಧ ಮುಗಿದ ಕೆಲಸ, ಯಾರೋ ಬಿಟ್ಟುಹೋದ ಪಟ್ಟಿ, ಹಳೆಯ ತೇಪೆ ತುಂಬಿಸಿಡುತ್ತಿದ್ದೆ. ಕೀಬೋರ್ಡ್ ಮುಟ್ಟುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ "ಮೊದಲೇ ಇದ್ದದ್ದು" ಎಂಬ ತಲೆಬರಹದ ಕೆಳಗೆ ಕಂಡದ್ದನ್ನೆಲ್ಲ ಬರೆಯಬೇಕು. ಮೊದಮೊದಲು ಅದಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಎರಡನೆಯ ವಾರದ ಕೊನೆಗೆ ಹತ್ತು ನಿಮಿಷ ಸಾಕಾಗುತ್ತಿತ್ತು. ಅಷ್ಟರಲ್ಲಿ ನಕ್ಷೆಯೂ ಸಿದ್ಧವಾಗಿ ಪ್ರಣವ್ ಅವರ ಗೋಡೆಯ ಮೇಲೆ ಹಳೆಯದರ ಜಾಗಕ್ಕೆ ಬಂತು.

ಪರೀಕ್ಷಾ ಕೇಂದ್ರ ಮಲ್ಲೇಶ್ವರದಲ್ಲಿತ್ತು. ಇಬ್ಬರೂ ಮೆಟ್ರೋ ಹಿಡಿದು ಸಂಪಿಗೆ ರಸ್ತೆಯಲ್ಲಿ ಇಳಿದೆವು. ಅವರನ್ನು ಒಳಗೆ ಕಳಿಸಿ ನಾನು ಹತ್ತಿರದ ಹೋಟೆಲಿನಲ್ಲಿ ಕುಳಿತೆ. ಮೂರು ಕಾಫಿ ಆಯಿತು. ಫೇಲಾದರೆ ಇವರ ಮುಖ ಹೇಗೆ ನೋಡಲಿ ಎಂಬುದೊಂದೇ ಯೋಚನೆ. ಎರಡು ಗಂಟೆಯ ಬಳಿಕ ಮುನಿರಾಜು ಬಂದು ಎದುರು ಕುಳಿತು, ಮಡಿಸಿದ ಒಂದು ಹಾಳೆ ಮೇಜಿನ ಮೇಲಿಟ್ಟು, "ಆಯ್ತು ಮೇಡಂ" ಎಂದರು. ಹಾಳೆ ಬಿಡಿಸಿ ನೋಡಿದೆ, ಪಾಸು. ಆಮೇಲೆ ಅವರು ಎರಡು ಮಸಾಲೆ ದೋಸೆ ಹೇಳಿದರು.

ಪ್ರಣವ್ ಮಾತಿಗೆ ತಪ್ಪಲಿಲ್ಲ. ಮುನಿರಾಜು ಆಸ್ಪತ್ರೆಯಲ್ಲೇ ಉಳಿದರು. ನನ್ನ ನಲವತ್ತಾರು ಲ್ಯಾಬ್‌ಗಳಲ್ಲಿ ನಲವತ್ತನ್ನು ಮತ್ತೆ ಬರೆದಿದ್ದೇನೆ. ಈಗ ಯಾರು ಬಂದರೂ ಅವರ ಮೊದಲ ಪಾಠ ಕಮಾಂಡ್ ಅಲ್ಲ, ಇರುವುದನ್ನು ಓದುವುದು. ಹೊಸಬರು ಬಂದು ಕುಳಿತಾಗ ನಾನೂ ಅದನ್ನೇ ಮಾಡುತ್ತೇನೆ, ಇಷ್ಟು ದಿನ ಏನು ಕೆಲಸ ಮಾಡಿದಿರಿ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಯಂತ್ರವಾಗಲಿ ಮನುಷ್ಯರಾಗಲಿ, ಖಾಲಿಯಾಗಿ ನಮ್ಮ ಕೈಗೆ ಬರುವುದಿಲ್ಲ ಎಂಬುದು ನನ್ನ ವೃತ್ತಿ ನನಗೆ ಕಲಿಸಿದ ಪಾಠ. ನಿವೃತ್ತಿಯಾದ ಮೇಲೆ ಕಲಿತೆ ಎಂಬುದೊಂದು ನಾಚಿಕೆ.

ಪರೀಕ್ಷೆ ಮುಗಿದ ಮುಂದಿನ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮುನಿರಾಜು ಫೋನ್ ಮಾಡಿದರು. ಅದೇ ಮೂರನೆಯ ಮಹಡಿ, ಅದೇ ಸ್ವಿಚ್, ಅದೇ ಬಾಕಿ ಉಳಿದಿದ್ದ ಕೆಲಸವನ್ನು ಪ್ರಣವ್ ಮತ್ತೆ ಅವರಿಗೇ ಒಪ್ಪಿಸಿದ್ದರಂತೆ.

"ಏನ್ರೀ, ಎಂಟರ್ ಒತ್ತಿದ್ರಾ?" ಎಂದೆ.

"ಒತ್ತಿದೆ ಮೇಡಂ. ಮೊದ್ಲು ಬರ್ಕೊಂಡೆ, ಪಟ್ಟೀಲಿ ಹದಿನಾಲ್ಕು ನಂಬರ್ ಇದ್ವು. ಈಗ್ಲೂ ಹದಿನಾಲ್ಕೂ ಇದಾವೆ. ಹದಿನೈದನೇದು ಸೇರ್ಕೊಂಡಿದೆ."