ತಾಯಿ ಟೇಬಲ್‌ನ ಕಟ್ಟುಪಾಡು

ಮೊನ್ನೆ ವೈಟ್‌ಫೀಲ್ಡ್ ಮೆಟ್ರೋದಲ್ಲಿ ಪಕ್ಕದವರ ಚೀಲದಿಂದ ಅಗಸಿ ಚಟ್ನಿಪುಡಿಯ ವಾಸನೆ ಬಂತು. ಹಸಿವಾಗುವ ಬದಲು ಮೈಯೆಲ್ಲ ಉರಿಯಿತು. ನನ್ನ ಮೊದಲ ಕೆಲಸದ ಟೀಮ್ ಲೀಡ್ ನೆನಪಾದರು... ಹಾವೇರಿ ಕಡೆಯವರು. "ಸರ್ ಅನಬ್ಯಾಡ, ಅಣ್ಣ ಅನ್ನು" ಎಂದು ಮೊದಲ ದಿನವೇ ಹೇಳಿ, ದಿನಾ ಮಧ್ಯಾಹ್ನ ತಮ್ಮ ಡಬ್ಬಿಯ ಅರ್ಧ ರೊಟ್ಟಿ, ಆ ಚಟ್ನಿ ನನ್ನ ತಟ್ಟೆಗೆ ಹಾಕುತ್ತಿದ್ದರು. ಒಡಹುಟ್ಟಿದ ಅಣ್ಣನಿಲ್ಲದ ನಾನು ಕರಗಿಹೋಗಿದ್ದೆ.

ಆಗ ನಾವು ಪೀಣ್ಯದ ಒಂದು ಕಾರ್ಖಾನೆಗೆ ಗೇಟಿನ ಹಾಜರಾತಿ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ, ಇದು ಸರಿಯಾದರೆ ನೌಕರಿ ಉಳಿಯುತ್ತದೆ, ಇಲ್ಲದಿದ್ದರೆ ಮನೆ. ಡೇಟಾಬೇಸ್‌ನಲ್ಲಿ 'ನೌಕರರು' ಎಂಬ ತಾಯಿ ಟೇಬಲ್, ಅಂದರೆ ಮೂಲ ಪಟ್ಟಿ, ಅದರ ಕೆಳಗೆ ಕಾಯಂ ನೌಕರರದ್ದೊಂದು, ಗುತ್ತಿಗೆಯವರದ್ದೊಂದು. ತಾಯಿಯಲ್ಲಿದ್ದ ಹೆಸರು, ನಂಬರಿನ ಕಾಲಂಗಳೆಲ್ಲ ಮಕ್ಕಳಿಗೆ ತಾವಾಗಿಯೇ ಬರುತ್ತಿದ್ದವು. ತಾಯಿಗೆ ಒಂದು ಕಟ್ಟುಪಾಡು ಹಾಕಿದ್ದೆವು: ಒಂದೇ ನಂಬರು ಇಬ್ಬರಿಗೆ ಇರಕೂಡದು.

"ಅಣ್ಣಾ, ಈ ಕಟ್ಟುಪಾಡು ಕೆಳಗಿನ ಟೇಬಲ್‌ಗೂ ಬರುತ್ತಾ? ಒಂದ್ಸಲ ಟೆಸ್ಟ್ ಮಾಡ್ಲಾ?" ಎಂದೆ.

"ಅವ್ವಂದು ಮಕ್ಕಳಿಗೆ ಬರದ ಎಲ್ಲಿ ಹೋಗತೈತಿ? ಟೈಮ್ ಇಲ್ಲವ್ವಾ, ಮುಂದ ನಡಿ."

ನಡೆದೆ. ಕಾಲಂಗಳು ಬಂದಿದ್ದವು, ಕಟ್ಟುಪಾಡು ಬಂದಿರಲಿಲ್ಲ. ನಾವು ಬಳಸುತ್ತಿದ್ದ ಡೇಟಾಬೇಸ್‌ನಲ್ಲಿ ಅದನ್ನು ಒಂದೊಂದು ಟೇಬಲ್‌ಗೂ ಬೇರೆಯಾಗಿ ಹಾಕಬೇಕು. ಹಾಕಿದರೂ ಒಂದು ಟೇಬಲ್ ಇನ್ನೊಂದರೊಳಗೆ ಅದೇ ನಂಬರು ಇದೆಯೇ ಎಂದು ಇಣುಕುವುದಿಲ್ಲ. ಕಾರ್ಖಾನೆಯಲ್ಲಿ ಅದು ಶುರುವಾದ ವಾರದಲ್ಲೇ ಒಬ್ಬ ಕಾಯಂ ಫಿಟ್ಟರ್‌ಗೂ ಗುತ್ತಿಗೆಯ ಒಬ್ಬ ಹೆಂಗಸಿಗೂ ಒಂದೇ ನಂಬರು ಹೋಯಿತು. ಆಕೆ ಕಾರ್ಡ್ ಹಿಡಿದರೆ ಯಂತ್ರ, ಈ ನಂಬರಿನವರು ಆಗಲೇ ಒಳಗಿದ್ದಾರೆ ಎಂದಿತು. ಗೇಟಿನಿಂದಲೇ ಆಕೆಯನ್ನು ವಾಪಸ್ ಕಳಿಸಿದರು.

ಹೀಗಾದಾಗ ನಮ್ಮಲ್ಲಿ ಕಾರಣದ ವರದಿ ಬರೆಯುವ ಪದ್ಧತಿ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, 'ಟೀಮ್' ಎಂದಷ್ಟೇ. ಅಣ್ಣ ಬರೆದ ವರದಿಯಲ್ಲಿ ಮಾತ್ರ ನನ್ನ ಹೆಸರಿತ್ತು. ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳಿದಾಗ, "ಟೆಸ್ಟ್ ಮಾಡು ಅಂದಿದ್ದೆ ಸರ್, ಆಕಿ ಮಾಡಿಲ್ಲ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಯಿ ಬಿಡಬಹುದಿತ್ತು. ಈಗ ನಿಜ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತ ಕೂತೆ, ಪೆದ್ದಿ... ತಿಂಗಳಾಗುವಷ್ಟರಲ್ಲಿ ನನ್ನನ್ನು ಕೆಲಸದಿಂದ ತೆಗೆದರು. ನನ್ನ ಕೊನೆಯ ದಿನ ಅಣ್ಣ ರಜೆ ಹಾಕಿದ್ದರು.

ಈಗ ನಾನೇ ಒಂದು ಟೀಮ್ ನೋಡಿಕೊಳ್ಳುತ್ತೇನೆ. ನಿನ್ನೆ ಹೊಸದಾಗಿ ಸೇರಿದವಳೊಬ್ಬಳು, "ಟೆಸ್ಟ್ ಯಾಕಕ್ಕಾ, ನೀವ್ ಹೇಳಿದ್ರೆ ಮುಗೀತು" ಎಂದು ನಕ್ಕಳು.

"ನನ್ ಮಾತು ನಂಬಬೇಡ. ಮಾಡಿ ತೋರ್ಸು."

ದನಿ ಬೇಕಾದ್ದಕ್ಕಿಂತ ಒರಟಾಯಿತು. ಅವಳ ಮುಖ ಸಪ್ಪಗಾಯಿತು. ಒಬ್ಬರ ಮಾತನ್ನು ಹಾಗೆ ಕಣ್ಣುಮುಚ್ಚಿ ನಂಬುವುದು ಎಷ್ಟು ಹಿತವಾಗಿತ್ತು ಎಂದು ನನಗೂ ಗೊತ್ತು. ನೌಕರಿಯೇನೋ ಇನ್ನೊಂದು ಸಿಕ್ಕಿತು... ಆ ನಂಬಿಕೆ ಮಾತ್ರ ಆಮೇಲೆ ಯಾರ ಮೇಲೂ ಬರಲಿಲ್ಲ.