ಪರಶುರಾಂಪುರದ ಟಿವಿ ಮತ್ತು ಪೇಟಿ ಮೇಷ್ಟ್ರು

ಹಳೆಯ ಟಿವಿ ಬಿಸಿಯಾದಾಗ ಒಳಗಿನ ಧೂಳು ಸುಡುವ ಒಂದು ವಾಸನೆ ಬರುತ್ತದೆ. ಮೊನ್ನೆ ಚಳ್ಳಕೆರೆಯ ರಿಪೇರಿ ಅಂಗಡಿಯೊಂದರ ಮುಂದೆ ಅದು ಮೂಗಿಗೆ ಬಡಿಯಿತು. ಮಿಕ್ಸಿ ಕೊಡಲು ಹೋದವಳು ಅದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಪೇಟಿ ಮೇಷ್ಟ್ರು ನೆನಪಾದರು...

ಪೇಟಿ ಎಂದರೆ ಹಾರ್ಮೋನಿಯಂ. ನಾನಾಗ ಊರೂರು ತಿರುಗಿ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದೆ. ಗಂಡು ಪಾತ್ರಗಳನ್ನು ಊರವರೇ ಹಂಚಿಕೊಂಡು, ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನೂ ಪೇಟಿಗೆ ಮೊಳಕಾಲ್ಮೂರಿನ ಈ ಮೇಷ್ಟ್ರನ್ನೂ ಕರೆಸುತ್ತಿದ್ದರು. ಬಸ್ಸಿನಲ್ಲೇ ನಿದ್ದೆ, ಬಸ್ ಸ್ಟ್ಯಾಂಡಿನಲ್ಲೇ ಊಟ. ಬಣ್ಣ ಬಳಿದೂ ಬಳಿದೂ ಮುಖದ ಚರ್ಮ ಉರಿಯುತ್ತಿತ್ತು. ಇದನ್ನು ಕಲಾಸೇವೆ ಎಂದು ಭಾಷಣ ಮಾಡುವವರ ಮುಖಕ್ಕೂ ಒಮ್ಮೆ ಆ ಬಣ್ಣ ಬಳಿಯಬೇಕು ಅನ್ನಿಸುತ್ತಿತ್ತು.

ಮೇಷ್ಟ್ರ ಕಿವಿ ಪೂರ್ತಿ ಹೋಗಿದೆ ಎಂದು ನನಗೆ ತಿಳಿದದ್ದು, ಅವರ ಜೊತೆಗಿನ ಮೊದಲ ನಾಟಕಕ್ಕೆ ಮೊಳಕಾಲ್ಮೂರು ಕಡೆಯ ರಾಂಪುರದಲ್ಲಿ ತಾಲೀಮು ನಡೆದಾಗ. ನಾನು ಕಂದಪದ್ಯ ಹಾಡುತ್ತಿದ್ದೆ, ಕರೆಂಟು ಹೋಯಿತು. ಕತ್ತಲಲ್ಲೂ ನಾನು ಹಾಡು ನಿಲ್ಲಿಸಲಿಲ್ಲ. ಪೇಟಿ ಮಾತ್ರ ನಿಂತಿತು. ದೀಪ ಬಂದಾಗ ಅವರು ನನ್ನ ತುಟಿಯನ್ನೇ ಹುಡುಕುತ್ತಿದ್ದರು. ಉಳಿದವರು ಚಹಾಕ್ಕೆ ಎದ್ದ ಮೇಲೆ ಹತ್ತಿರ ಕರೆದು, "ಯಾರ ಮುಂದೂ ಅನ್ಬ್ಯಾಡವ್ವ. ಗೊತ್ತಾದ್ರೆ ನನ್ನ ಯಾರು ಕರೀತಾರೆ?" ಎಂದರು.

ತಾಳದ ಹಾಡುಗಳಿಗೆ ತಬಲಾದವನ ಕೈ ನೋಡಿಕೊಂಡರೆ ಅವರಿಗೆ ಸಾಕಿತ್ತು. ಕಂದಪದ್ಯಕ್ಕೆ ತಾಳವಿಲ್ಲ, ಹಾಡುವವರು ಎಳೆದಷ್ಟು ಉದ್ದ. ಅಲ್ಲಿ ನನ್ನ ಬಾಯಿಯೇ ಅವರಿಗೆ ಗತಿ. ರಂಗದ ಬುಡದಲ್ಲಿ ನನ್ನೆದುರೇ ಕೂತು, ತುಟಿ ನೋಡಿಕೊಂಡೇ ಬಾರಿಸುತ್ತಿದ್ದರು. ಹೀಗೆ ಎಷ್ಟೋ ನಾಟಕ ದಾಟಿಸಿದೆವು.

ಆಮೇಲೆ ಪರಶುರಾಂಪುರದ ನಾಟಕ ಬಂತು. ಅಲ್ಲಿನವರಿಗೆ ಆ ವರ್ಷ ಎಲ್ಲಿಲ್ಲದ ಹುರುಪು. ಪೇಟಿ, ತಬಲಾ ಎರಡನ್ನೂ ಪರದೆಯ ಹಿಂದಕ್ಕೆ ಅಟ್ಟಿ, ಆ ಜಾಗದಲ್ಲಿ ಗಣ್ಯರಿಗೆ ಸೋಫಾ ಹಾಕಿದ್ದರು. ರಂಗ ಕಾಣಲಿ ಎಂದು ಮೇಷ್ಟ್ರ ಮುಂದೆ ಒಂದು ಟಿವಿ ಇಟ್ಟರು. ಚಳ್ಳಕೆರೆಯಿಂದ ಬಂದಿದ್ದ ವಿಡಿಯೋ ಸಾಹೇಬರು ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಹಾಯಿಸಿ, ಅಡಿಯಲ್ಲಿ ದಾನಿಗಳ ಹೆಸರು ಓಡಿಸಿ, ಅದನ್ನು ಮತ್ತೆ ಟಿವಿಗೆ ಒಗ್ಗುವಂತೆ ಬದಲಾಯಿಸಿ ಕಳಿಸುತ್ತಿದ್ದರು. ನನ್ನ ಮುಖ ದೊಡ್ಡದಾಗಿ ಕಾಣುತ್ತದೆ ಎಂದು ಮೇಷ್ಟ್ರಿಗೂ ಸಮಾಧಾನವಾಗಿತ್ತು.

ಮೊದಲ ಕಂದಪದ್ಯಕ್ಕೇ ಎಡವಟ್ಟಾಯಿತು. ನಾನು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗಲೂ ಪೇಟಿ ಅದೇ ಸಾಲಿನ ಬಾಲ ಹಿಡಿದು ಬರುತ್ತಿತ್ತು. ನಿಧಾನ ಮಾಡಿದೆ, ಅದೂ ನಿಧಾನವಾಗಿ ಹಿಂದೆಯೇ ಉಳಿಯಿತು. ಜನ ಸಿಳ್ಳೆ ಹಾಕಿದರು. "ಲೇ, ಪೇಟಿಯವ್ನು ನಿದ್ದಿ ಹೊಡೀತವ್ನೆ, ಎಬ್ಬಿಸ್ರಲೇ!" ಎಂದು ಯಾರೋ ಕೂಗಿದರು. ನನಗೆ ಅಳುವೇ ಬಂತು.

ಒಳಗೆ ಹೋಗಿ ಮೇಷ್ಟ್ರ ಪಕ್ಕ ನಿಂತೆ. ರಂಗದ ಮೇಲೆ ಒಬ್ಬ ಗದೆಯನ್ನು ಹಲಗೆಗೆ ಕುಟ್ಟಿದ. ಸದ್ದು ಬಂತು. ಟಿವಿಯಲ್ಲಿ ಗದೆ ಇಳಿದದ್ದು ಆಮೇಲೆ... ಕಂಪ್ಯೂಟರಿನ ಒಳಗೆ ಹೊಕ್ಕು ಹೊರಬರುವಷ್ಟರಲ್ಲಿ ಚಿತ್ರ ತಡವಾಗುತ್ತಿತ್ತು. ಕಿವಿ ಇದ್ದವರು ಯಾರಾದರೂ ಅದನ್ನು ಹಿಡಿಯುತ್ತಿದ್ದರು. ಟಿವಿಯನ್ನೇ ನಂಬಿ ಕೂತ ಮೇಷ್ಟ್ರಿಗೆ ಮಾತ್ರ ಗೊತ್ತಾಗುವಂತಿರಲಿಲ್ಲ. ಅವರ ಎದುರು ನಿಂತು, ದನಿ ಹೊರಡಿಸದೆ, "ಟಿವಿ ತಡ ಐತೆ ಮೇಷ್ಟ್ರೇ" ಎಂದೆ. ಅವರು ಪೇಟಿಯಿಂದ ಕೈ ತೆಗೆದರು.

ವಿಡಿಯೋ ಸಾಹೇಬರ ಹತ್ತಿರ ಓಡಿ, ಟಿವಿ ತಡವಾಗದಂತೆ ಮಾಡಿ ಎಂದೆ. ನಾಟಕ ಆಡಿಸುವ ಯಜಮಾನರೂ ಅಲ್ಲೇ ಇದ್ದರು.

"ಕ್ಯಾಮೆರಾದಿಂದ ಸೀದಾ ಒಂದು ವೈರ್ ಎಳೀಬಹುದು ಅಕ್ಕಾ, ತಡ ಆಗಲ್ಲ. ಆದ್ರೆ ದಾನಿಗಳ ಹೆಸರು ಬರಲ್ಲ ಅದ್ರಾಗೆ," ಎಂದರು ಸಾಹೇಬರು.

"ಪೇಟಿ ಬಾರಿಸೋರಿಗೆ ಟಿವಿ ತಡ ಆದ್ರೇನ್ರಮ್ಮ? ಕಿವಿ ಇಲ್ವಾ?" ಎಂದರು ಯಜಮಾನರು.

"ತಪ್ಪು ನಂದೇ ರೀ. ನಂಗೆ ಪದ್ಯ ಸರಿಯಾಗಿ ಬಾಯಿಗೆ ಬಂದಿಲ್ಲ, ಎಲ್ಲೆಲ್ಲೋ ಎಳೀತೀನಿ. ಅವರು ಮುಖ ನೋಡ್ಕೊಂಡು ಸಂಭಾಳಿಸ್ತಾರೆ," ಎಂದೆ.

"ಹಾಡೋಕೆ ಬರ್ದೋಳ್ನ ಯಾರಲೇ ಕರ್ಸಿದ್ದು?" ಎಂದು ಯಜಮಾನರು ಎಲ್ಲರಿಗೂ ಕೇಳುವಂತೆ ಕಿರುಚಿದರು. ಸಾಹೇಬರು ನನ್ನನ್ನೊಮ್ಮೆ ನೋಡಿ, ವೈರ್ ಎಳೆದರು. ಆಮೇಲಿನ ಪದ್ಯಗಳಲ್ಲಿ ಪೇಟಿ ನನ್ನ ಉಸಿರಿಗೆ ಅಂಟಿಕೊಂಡೇ ಬಂತು. ಆ ಊರಿನವರು ಮಾತ್ರ ನನ್ನನ್ನು ಮತ್ತೆ ಕರೆಯಲಿಲ್ಲ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಾನು ಯಜಮಾನರಿಗೆ ಹೇಳಿದ್ದು ತಬಲಾದವನ ಬಾಯಿಂದ ಮೇಷ್ಟ್ರಿಗೆ ತಿಳಿದಿತ್ತು. ಬೆಳಗಿನ ಬಸ್ಸಿನಲ್ಲಿ ಅವರು, "ಯಾಕವ್ವ ಹಂಗಂದಿ?" ಎಂದು ಕೇಳಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನನ್ನ ತುಟಿ ಕಾಣದವರಿಗೆ ನಾನು ಏನು ಉತ್ತರ ಹೇಳಲಿ? ಚಳ್ಳಕೆರೆ ಬರುವವರೆಗೂ ಅವರು ತಿರುಗಲಿಲ್ಲ. ಆ ವರ್ಷದ ನಾಟಕದ ಸುಗ್ಗಿ ಮುಗಿದ ಮೇಲೆ ಪೇಟಿ ಹಿಡಿಯುವುದನ್ನೇ ಬಿಟ್ಟರಂತೆ...

ಈ ವರ್ಷ ಮೇಷ್ಟ್ರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿದಿತ್ತು, ಹೋಗಲು ಆಗಿರಲಿಲ್ಲ. ಅಂಗಡಿಯ ಮುಂದೆ ಹಾಗೆ ನಿಂತ ಮಾರನೆಯ ದಿನವೇ ಮೊಳಕಾಲ್ಮೂರಿಗೆ ಹೋಗಿಬಂದೆ. ನಾನು ಯಾರೆಂದು ಹೇಳಿದ ಕೂಡಲೇ ಅವರ ಮಗಳು ನನ್ನ ಕೈ ಹಿಡಿದುಕೊಂಡಳು.

"ಕೊನೆಕೊನೆಗೆ ಅಪ್ಪಾಜಿಗೆ ಕಿವಿ ಕೇಳ್ತಿರಲಿಲ್ಲ, ಪಾಪ. ಆದ್ರೂ ನಿಮ್ದೇ ಮಾತು. 'ಎಷ್ಟೋ ಜನಕ್ಕೆ ಬಾರಿಸೀನಿ, ಆ ಹುಡುಗಿ ಕಂಠ ಮಾತ್ರ ಇನ್ನೂ ಕಿವಿಯಾಗೈತೆ' ಅನ್ನೋರು."

ಅವರು ಒಂದು ಸಲವೂ ನನ್ನ ದನಿ ಕೇಳಿರಲಿಲ್ಲ. ನಾನು, "ಹೌದಮ್ಮ, ನಂಗೂ ಹೇಳ್ತಿದ್ರು," ಎಂದೆ.