ತಂಗಿಯ ಮಗನ ಮೀನಖಂಡ

ಪಂಚಮಿಗೆ ತವರಿಗೆ ಬಂದಿದ್ದ ತಂಗಿಯ ಏಳು ವರ್ಷದ ಮಗನನ್ನು ನಮ್ಮ ಕಾಕಾ ಕಟ್ಟೆಯ ಮೇಲೆ ನಿಲ್ಲಿಸಿದ. ಅವನ ಮೀನಖಂಡಗಳನ್ನು ಹಿಂಡಿ ನೋಡಿ ಓಣಿಗೆಲ್ಲ ಕೇಳುವ ಹಾಗೆ ಹೇಳಿದ: “ಅಬಬಬಾ, ಏನ್ ಕಾಲಲೇ ಇವು! ಅಗದಿ ಕಲ್ಲ ಆಗ್ಯಾವು. ಇವನ್ನ ಪೈಲ್ವಾನ ಮಾಡೂಣು.”

ತಂಗಿ ಹಿಗ್ಗಿ ಹೋದಳು. ಅವ್ವ ಒಳಗಿಂದ ಉಂಡಿ ತಂದು ಮೊಮ್ಮಗನ ಕೈಗಿಟ್ಟು, ದೃಷ್ಟಿಯಾದೀತೆಂದು ಕಾಕಾನನ್ನು ಗದರಿದಳು. ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದ ನಾನು ಆ ಕಾಲುಗಳನ್ನೇ ನೋಡಿದೆ.

ಇದೇ ಕಾಕಾ ನನಗೆ ಎಂಟು ವರ್ಷವಿದ್ದಾಗ ನನ್ನ ಕಾಲನ್ನೂ ಹೀಗೇ ಹಿಂಡಿ ನೋಡಿ, ಹೆಗಲ ಮೇಲೆ ಹೊತ್ತು ಗರಡಿಮನೆಗೆ ಒಯ್ದಿದ್ದ. ನಮ್ಮ ಕಡೆ ದಪ್ಪ ಮೀನಖಂಡದ ಹುಡುಗನನ್ನು ಕಂಡರೆ ಯಾರಿಗೂ ರೋಗ ನೆನಪಾಗುವುದಿಲ್ಲ, ಕುಸ್ತಿ ನೆನಪಾಗುತ್ತದೆ. ಗರಡಿಯ ಕೆಂಪು ಮಣ್ಣಿನಲ್ಲಿ ಒಂದೇ ಒಂದು ಬೈಠಕ್ ಹೊಡೆದೆ. ಕುಳಿತವನಿಗೆ ಏಳಲಾಗಲಿಲ್ಲ. ಮೊಣಕಾಲಿಗೆ ಕೈಯೂರಿ, ಆಮೇಲೆ ತೊಡೆಗೆ ಕೈಯೂರಿ, ನನ್ನ ಮೈಯನ್ನು ನಾನೇ ಹತ್ತಿಕೊಂಡು ಎದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೈಗಳ್ಳ ಎಂದು ಹೆಸರಿಟ್ಟರು. ಹತ್ತು ವರ್ಷ ಆ ಹೆಸರಿನಲ್ಲೇ ಬಾಳಿದೆ. ಅಣ್ಣಿಗೇರಿಗೆ ಹೋಗುವ ಬಸ್ಸಿನ ಮೆಟ್ಟಿಲು ಹತ್ತಲಾಗದೆ ರಸ್ತೆಯ ಮೇಲೆ ಬಿದ್ದ ಮೇಲೆ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು.

ಅಲ್ಲಿಯ ಡಾಕ್ಟರು ನನ್ನ ಕಾಲು ಮುಟ್ಟಿ, ಇದು ಬಲವಲ್ಲ, ಸ್ನಾಯು ಸತ್ತ ಜಾಗದಲ್ಲಿ ಕೊಬ್ಬು ತುಂಬಿದೆ ಎಂದರು. ಆಮೇಲೆ ಅವ್ವನನ್ನು ಹೊರಗೆ ಕಳಿಸಿ ಇನ್ನೊಂದು ಮಾತು ಹೇಳಿದರು. ಈ ರೋಗ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಹೆಣ್ಣುಮಕ್ಕಳ ಮೈಯಲ್ಲಿ ಏನೂ ತೋರದೆ ಅಡಗಿರಬಹುದು, ತಂಗಿಯನ್ನೊಮ್ಮೆ ತಪಾಸಣೆಗೆ ಕರೆದುಕೊಂಡು ಬಾ.

ನಾನು ಕರೆದೊಯ್ಯಲಿಲ್ಲ. ನನಗೆ ನರದ ಶಕ್ತಿ ಕಡಿಮೆಯಂತೆ ಎಂದಷ್ಟೇ ಅವ್ವನಿಗೆ ಹೇಳಿದೆ. ಮುಂದೆ ಮಿಶ್ರಿಕೋಟಿಯ ಗಂಡಿನವರು ತಂಗಿಯನ್ನು ನೋಡಲು ಬಂದು ನನ್ನ ಕಾಲಿಗೇನಾಯಿತೆಂದು ಕೇಳಿದಾಗಲೂ ಗೋಡೆಗೆ ಆತು ನಿಂತು, “ಸಣ್ಣಾಂವ ಇದ್ದಾಗ ಗಿಡದ ಮ್ಯಾಲಿಂದ ಬಿದ್ದಿದ್ನಿರಿ” ಎಂದು ಸುಳ್ಳು ಹೇಳಿದೆ. ಮನೆಯಲ್ಲಿ ಒಬ್ಬನ ಬಾಳು ಹಾಳಾದದ್ದು ಸಾಕು, ಅವಳದಾದರೂ ಚಲೋ ಆಗಲಿ ಎಂದುಕೊಂಡಿದ್ದೆ. ಮಹಾ ತ್ಯಾಗಿ ನಾನು!

ಈಗ ನನಗೆ ನಲವತ್ತು. ನಡೆಯುವುದು ನಿಂತು ಮೂರು ವರ್ಷವಾಯಿತು. ಅವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಾಳೆ. ಪಾಯಖಾನೆಗೆ ಕಾಕಾ ಎತ್ತಿಕೊಂಡು ಹೋಗಬೇಕು, ಅವನ ಬೆನ್ನೂ ಈಗ ಬಾಗಿದೆ. ಅವರಿಬ್ಬರ ನಂತರ ಯಾರು ಎಂದು ಯೋಚಿಸುವುದನ್ನು ಬಿಟ್ಟಿದ್ದೇನೆ. ಬಂದವರೆಲ್ಲ ವೈದ್ಯರೇ: ಆ ಎಣ್ಣೆ ತಿಕ್ಕಿರಿ, ಈ ಬೇರು ತಿನ್ನಿರಿ, ಆರಾಮ ಆಕ್ಕೀರಿ. ಆರಾಮ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಾಕಾ ಹುಡುಗನ ಕಾಲು ಹಿಂಡಿದ ಮರುದಿನ ಮಧ್ಯಾಹ್ನ ಅವ್ವ ನಾಗಪ್ಪನಿಗೆ ಹಾಲೆರೆಯಲು ಹೋಗಿದ್ದಳು. ಹುಡುಗ ಜೋಕಾಲಿಯ ಹತ್ತಿರ ಇದ್ದ. ತಂಗಿಯನ್ನು ಬಾಜು ಕೂರಿಸಿಕೊಂಡೆ.

“ಅವನ್ನ ಗರಡಿಗೆ ಕಳಸಬ್ಯಾಡ. ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗು.”

“ಯಾಕ? ಏನಾಗೇತಿ ಅವಂಗ?”

“ಅವು ನನ್ನ ಕಾಲು, ತಂಗಿ.”

ಮೊದಲು ನಕ್ಕಳು. ಆಮೇಲೆ ಸಿಟ್ಟಾದಳು. “ಹಬ್ಬದಾಗ ಬಾಯಿಗೆ ಬಂದದ್ದ ಆಡಬ್ಯಾಡಣ್ಣಾ.” ನಾನು ನಿಲ್ಲಿಸಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ, ತಾಯಿಯ ಕಡೆಯದು ಎಂಬುದನ್ನೂ ಹೇಳಿಬಿಟ್ಟೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ಇದಕ್ಕ ಔಷಧ ಐತೇನು?”

“ಇಲ್ಲ. ಗುಳಿಗಿ ಕೊಡ್ತಾರ. ಕಾಲು ಸೋಲೂದು ಒಂದೀಟು ತಡಾ ಆಕ್ಕೈತಿ, ಅಷ್ಟ.”

“ನಿನಗ ಯಾವಾಗ ಗೊತ್ತಾತು?”

ಇಲ್ಲಿಯೂ ಸುಳ್ಳು ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಇಷ್ಟು ವರ್ಷ ಅದನ್ನೇ ಮಾಡಿ ಸಾಕಾಗಿತ್ತು.

“ನಿನ್ನ ಲಗ್ನಕ್ಕಿಂತ ಮೊದಲ.”

ಬೈದಿದ್ದರೆ, ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಎದ್ದು ಬಾಗಿಲ ತನಕ ಹೋಗಿ, ಅಲ್ಲೇ ನಿಂತು, ನನ್ನ ಕಡೆ ತಿರುಗದೆ ಹೇಳಿದಳು:

“ಅವಾಗ ಬಾಯಿ ಮುಚಗೊಂಡಿದ್ದಿ. ಈಗೂ ಮುಚಗೊಂಡ ಇರಬಾರದಿತ್ತೇನಣ್ಣಾ? ಇನ್ನೊಂದೆರಡ ವರ್ಷ ಅವನ್ನ ನೋಡಿ ಹಿಗ್ಗತಿದ್ದೆ.”